ಭಟ್ಟಿ ಕಳ್ಳಭಟ್ಟಿ ಆದದ್ದು ಯಾವಾಗ? ಒಂದು ಟಕೀಲಾ ಸಂಜೆಯ ಇತಿಹಾಸ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದೆ, ಲೋಕಲ್ ಟ್ರೇನಿನಲ್ಲಿ ನಿಂತುಕೊಂಡೇ ಓದುವ ಗೆಳೆಯರಿಗಾಗಿ ಎಂದಿನಂತೆ ಇದು ಈ ವಾರದ ಮಾತಿನ ಬರಹ ರೂಪ. ಮಾತಾಡುವಾಗ ಬಿಟ್ಟುಹೋದ ಕೆಲವು ವಿಷಯಗಳನ್ನ ಇಲ್ಲಿ ಸೇರಿಸಿದ್ದೀನಿ.

ಈ ಸಲದ ವಿಷಯ ಹುಟ್ಟಿದ್ದು ಥಾಣೆಯ ನಮ್ಮ ಮನೆಯ ಊಟದ ಟೇಬಲ್ ಮೇಲೆ. ಒಂದು ಶನಿವಾರ ಸಂಜೆ ಗೆಳೆಯರನ್ನ ಕರೆದಿದ್ದೆ. ಡೊಂಬಿವಲಿಯಿಂದ ಇಬ್ಬರು, ಕಲ್ಯಾಣದಿಂದ ಒಬ್ಬ, ಐರೋಲಿ ಮತ್ತು ಖಾರಘರ್‌ನಿಂದ ಒಬ್ಬೊಬ್ಬರು. ಎಲ್ಲರೂ ಕನ್ನಡದವರೇ, ಎಲ್ಲರೂ ಲ್ಯಾಪ್‌ಟಾಪ್ ಬ್ಯಾಗಿನವರೇ. ಉದ್ದೇಶ ಟಕೀಲಾ ಟೇಸ್ಟಿಂಗ್. ಅಂದರೆ ಉಪ್ಪು ನೆಕ್ಕಿ, ನಿಂಬೆ ಕಚ್ಚಿ ಒಂದೇ ಗುಟುಕಿಗೆ ಏರಿಸೋದಲ್ಲ. ಮೂರು ಬಗೆಯದನ್ನ ಪಕ್ಕಪಕ್ಕ ಇಟ್ಟು, ಸ್ವಲ್ಪ ಸ್ವಲ್ಪ ಹೀರಿ, ವ್ಯತ್ಯಾಸ ಏನು ಅಂತ ನೋಡೋದು.

ಬೆಳಿಗ್ಗೆಯೇ ಬಾಟಲಿಗಳನ್ನ ಟೇಬಲ್ ಮೇಲೆ ಜೋಡಿಸಿಟ್ಟಿದ್ದೆ. ಮನೆಗೆಲಸಕ್ಕೆ ಬರುವ ಮಾವಶಿ ಟೇಬಲ್ ಒರೆಸೋಕೆ ಬಂದವಳು ನಿಂತಳು. ಅವಳ ಊರು ಮುರ್ಬಾಡ್ ಕಡೆಯ ಒಂದು ಆದಿವಾಸಿ ಪಾಡಾ. ಇದು ಯಾತರದ್ದು ಅಂತ ಕೇಳಿದಳು. 'ಘಾಯಪಾತ್ ಗೊತ್ತಲ್ಲ, ಅದರ ಜಾತಿಯದೇ ಒಂದು ಗಿಡ, ಅದರ ಭಟ್ಟಿ' ಅಂದೆ. ಅವಳು ಬಾಟಲಿ ನೋಡಿದಳು, ನನ್ನ ನೋಡಿದಳು. ಆಮೇಲೆ ಕೇಳಿದಳು: 'ದಾದಾ, ಹ್ಯಾಲಾ ಪೊಲೀಸ್ ಯೇತ್ ನಾಹೀತ್ ಕಾ?' ಇದಕ್ಕೆ ಪೊಲೀಸರು ಬರೋದಿಲ್ವಾ?

ತಮಾಷೆಗೆ ಕೇಳಿದ್ದಲ್ಲ. ಮನೆ ಹಿಂದೆ ಮಹುವಾ ಭಟ್ಟಿ ಇಳಿಸಿದ್ದಕ್ಕೆ ಅವಳ ತಮ್ಮನ ಮೇಲೆ ಕೇಸ್ ಇದೆ. ತಾರೀಖು ಬಂದಾಗೆಲ್ಲ ಅವನ ಒಂದು ದಿನದ ಕೂಲಿ ಹೋಗುತ್ತೆ. 'ಇಲ್ಲ ಮಾವಶಿ, ಇದಕ್ಕೆ ಬರಲ್ಲ' ಅಂದೆ. ಅಂದಮೇಲೆ ತಲೆಯಲ್ಲಿ ಹುಳ ಹೊಕ್ಕಿತು. ಯಾಕೆ ಬರಲ್ಲ?

ಕನ್ನಡದಲ್ಲಿ ಕಳ್ಳಭಟ್ಟಿ ಅಂತ ಒಂದು ಪದ ಇದೆ. ಭಟ್ಟಿ ಅಂದರೆ ಒಲೆ, ಕುದಿಸಿ ಆವಿ ಇಳಿಸುವ ಒಲೆ. ಆ ಒಲೆಯ ಹಿಂದೆ 'ಕಳ್ಳ' ಯಾವಾಗ ಬಂದು ಸೇರಿಕೊಂಡ? ಇವತ್ತಿನ ಮಾತು ಅಷ್ಟೇ.

ಅವ್ವನ ಕತ್ತಾಳಿ

ಮೊದಲು ಗಿಡ. ಆ ದಿನ ಮಧ್ಯಾಹ್ನ ಊರಿಗೆ ಫೋನ್ ಮಾಡಿದಾಗ ಅವ್ವನ ಹತ್ತಿರ ಕತ್ತಾಳಿ ವಿಷಯ ತೆಗೆದೆ. (ಪಾರ್ಟಿ ವಿಷಯ ತೆಗೀಲಿಲ್ಲ, ಗಿಡದ್ದು ಮಾತ್ರ.) 'ಮೆಕ್ಸಿಕೋದಾಗ ಕತ್ತಾಳಿಯಿಂದ ದಾರೂ ಮಾಡ್ತಾರ' ಅಂದೆ. 'ಕತ್ತಾಳಿ ರಸ ಮೈಗೆ ಹತ್ತಿದ್ರ ತುರಸ್ತದೋ! ಅದನ್ನ ಕುಡಿತಾರ?' ಅಂದಳು. ಧಾರವಾಡ ಕಡೆಯವರಿಗೆ ಕತ್ತಾಳಿ ಅಂದರೆ ಹೊಲದ ಬೇಲಿ. ದನ ಒಳಗೆ ಬರದಂತೆ ಮುಳ್ಳಿನ ಸಾಲು. ಎಲೆ ಕೊಯ್ದು, ನೀರಲ್ಲಿ ಕೊಳೆಹಾಕಿ, ಬಡಿದು ನಾರು ತೆಗೆದರೆ ಹಗ್ಗ. ಕೊಳೆಹಾಕಿದ ಹೊಂಡದ ವಾಸನೆ ಅನುಭವಿಸಿದವರಿಗೇ ಗೊತ್ತು.

ಈ ಗಿಡ ನಮ್ಮದಲ್ಲ, ಮೆಕ್ಸಿಕೋ ಕಡೆಯಿಂದ ಬಂದದ್ದು. ಮೆಣಸಿನಕಾಯಿ, ಪೇರಲ, ಗೋಡಂಬಿ ಬಂದ ಹಾಗೆ ಯುರೋಪಿನವರ ಹಡಗಿನ ಕಾಲದಲ್ಲಿ ಬಂತು. ಬ್ರಿಟಿಷರ ಕಾಲದಲ್ಲಿ ರೈಲು ಹಳಿಯ ಪಕ್ಕದ ಬೇಲಿಗೂ ನೆಟ್ಟರು. ದಖನ್ನಿನ ಒಣ ನೆಲ ಅದಕ್ಕೆ ಒಗ್ಗಿತು. ನಮ್ಮಲ್ಲಿ ಹೆಚ್ಚಾಗಿ ಕಾಣೋದು ಅಗೇವ್ ಅಮೆರಿಕಾನಾ. ಟಕೀಲಾ ಮಾಡೋದು ಅದರ ದಾಯಾದಿ, ನೀಲಿ ಅಗೇವ್‌ನಿಂದ. ಅದು ಬಲಿಯೋಕೆ ಆರೇಳು ವರ್ಷ ಬೇಕು. ಎಲೆಗಳನ್ನೆಲ್ಲ ಕಡಿದರೆ ನಡುವೆ ಅನಾನಸಿನ ಆಕಾರದ, ಹತ್ತಾರು ಕಿಲೋ ತೂಕದ ಗಡ್ಡೆ ಉಳಿಯುತ್ತೆ. ಅದನ್ನ ಬೇಯಿಸಿ, ಹಿಂಡಿ, ರಸ ಹುಳಿಬರಿಸಿ, ಭಟ್ಟಿ ಇಳಿಸಬೇಕು. ಬೇಯಿಸೋದು ಯಾಕೆ ಅಂದರೆ ಗಡ್ಡೆಯಲ್ಲಿರೋದು ನೇರ ಸಕ್ಕರೆ ಅಲ್ಲ. ಬಿಸಿ ತಾಗಿದಾಗ ಮಾತ್ರ ಅದು ಒಡೆದು ಸಿಹಿಯಾಗುತ್ತೆ.

ನಮ್ಮ ದಖನ್ನಿನ ಕತ್ತಾಳಿಯಿಂದಲೂ ಇದನ್ನ ಮಾಡಬಹುದು ಅಂತ ತೋರಿಸಿದವರು ಡೆಸ್ಮಂಡ್ ನಜರೆತ್. ಐಐಟಿ ಮದ್ರಾಸಿನಲ್ಲಿ ಓದಿದವರು, ಸಾಫ್ಟ್‌ವೇರ್ ಕೆಲಸ ಮಾಡಿದವರು, ಅಂದರೆ ನಮ್ಮವರೇ. ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿ ಡಿಸ್ಟಿಲರಿ ಹಾಕಿ, 2011ರ ಸುಮಾರಿಗೆ ಡೆಸ್ಮಂಡ್‌ಜಿ ಹೆಸರಿನಲ್ಲಿ ಅಗೇವ್ ಮದ್ಯ ಹೊರತಂದರು. ಆದರೆ ಅದಕ್ಕೆ ಟಕೀಲಾ ಅನ್ನೋ ಹಾಗಿಲ್ಲ. ಆ ಹೆಸರು ಮೆಕ್ಸಿಕೋದ ಆಸ್ತಿ. 1974ರಲ್ಲಿ ಅಲ್ಲಿನ ಸರ್ಕಾರ ಟಕೀಲಾಗೆ ಮೂಲಸ್ಥಳದ ಹಕ್ಕು ಘೋಷಿಸಿತು. ಹಾಲಿಸ್ಕೋ ರಾಜ್ಯ ಪೂರ್ತಿ, ಇನ್ನು ನಾಲ್ಕು ರಾಜ್ಯಗಳ ಕೆಲವು ಭಾಗ, ಅಲ್ಲಿ ಮಾಡಿದರೆ ಮಾತ್ರ ಟಕೀಲಾ. ನಮ್ಮ ಮೈಸೂರು ಮಲ್ಲಿಗೆ, ಧಾರವಾಡ ಪೇಢೆಗೆ ಜಿಐ ಇದೆಯಲ್ಲ, ಆ ಥರ.

ಕಳ್ಳಿನಿಂದ ಟಕೀಲಾಗೆ

ಮೆಕ್ಸಿಕೋದ ಮೂಲ ಜನ ಅಗೇವ್ ರಸವನ್ನ ಹುಳಿಬರಿಸಿ ಪುಲ್ಕೆ ಅನ್ನೋ ಪೇಯ ಮಾಡ್ತಿದ್ದರು. ಅದು ನಮ್ಮ ಹೆಂಡದ ಹಾಗೆ, ಭಟ್ಟಿ ಇಳಿಸಿದ್ದಲ್ಲ. ಭಟ್ಟಿ ಹೇಗೆ ಬಂತು? ಅನೇಕ ಸಂಶೋಧಕರ ವಾದ ನಮಗೆ ಹತ್ತಿರದ್ದು. 1565ರಿಂದ ಎರಡೂವರೆ ಶತಮಾನ ಮನಿಲಾಕ್ಕೂ ಮೆಕ್ಸಿಕೋದ ಅಕಾಪುಲ್ಕೋಗೂ ಸ್ಪೇನಿನ ಹಡಗುಗಳು ಓಡಾಡಿದವು. ಅದರಲ್ಲಿ ಬಂದ ಫಿಲಿಪೀನ್ಸ್ ನಾವಿಕರು ಪಶ್ಚಿಮ ಕರಾವಳಿಯ ಕೊಲಿಮಾದಲ್ಲಿ ನೆಲೆಸಿ ತೆಂಗು ಬೆಳೆಸಿದರು, ಕಳ್ಳು ಇಳಿಸಿದರು, ಆ ಕಳ್ಳನ್ನ ತಮ್ಮ ಊರಿನ ಸರಳ ಒಲೆಯಲ್ಲಿ ಭಟ್ಟಿ ಮಾಡಿದರು. ಅದೇ ಒಲೆ ಪಕ್ಕದ ಬೆಟ್ಟಗಳಲ್ಲಿ ಅಗೇವ್ ರಸಕ್ಕೂ ಬಂತು ಅಂತಾರೆ. ಅಂದರೆ ನಮ್ಮ ಉಡುಪಿ, ಕಾರವಾರ ಕಡೆ ತೆಂಗಿನ ಮರ ಹತ್ತುವ ಮನುಷ್ಯನ ವಿದ್ಯೆಯ ದಾಯಾದಿ ವಿದ್ಯೆಯೊಂದು ಟಕೀಲಾದ ಹಿಂದೆ ಇದೆ.

ಆಮೇಲೆ ಬಂತು ನೋಡಿ ಕಾಗದ. 1785ರಲ್ಲಿ ಸ್ಪೇನಿನ ದೊರೆ ಮೂರನೇ ಕಾರ್ಲೋಸ್ ವಸಾಹತಿನ ಸ್ಥಳೀಯ ಮದ್ಯಗಳನ್ನ ನಿಷೇಧಿಸಿದ. ಸ್ಪೇನಿನ ಮದ್ಯ ಅಲ್ಲಿ ಮಾರಾಟ ಆಗಬೇಕಿತ್ತಲ್ಲ. ಹತ್ತೇ ವರ್ಷದಲ್ಲಿ, 1795ರಲ್ಲಿ, ಮುಂದಿನ ದೊರೆ ಅದೇ ಮದ್ಯ ಮಾಡೋಕೆ ಒಂದು ಮನೆತನಕ್ಕೆ ಪರವಾನಗಿ ಕೊಟ್ಟ. ಆ ಮನೆತನ ಕುಯೆರ್ವೋ. ಹೌದು, ನಮ್ಮ ಏರ್‌ಪೋರ್ಟ್ ಡ್ಯೂಟಿ ಫ್ರೀಯಲ್ಲಿ ಕಾಣುವ ಅದೇ ಹೆಸರು. ಕಾಗದ ಸಿಕ್ಕಿದವನದು ಬ್ರ್ಯಾಂಡ್ ಆಯ್ತು. ಸಿಗದವನದು ಬೆಟ್ಟದ ಸಂದಿನ ಕಳ್ಳಭಟ್ಟಿ ಆಯ್ತು.

ಇದನ್ನ ಓದುವಾಗ ಅನ್ನಿಸಿತು, ಇಷ್ಟು ದೂರ ಹೋಗೋದೇ ಬೇಡ. ನಮ್ಮ ಥಾಣೆಯಲ್ಲೇ ಇದೇ ಕಥೆ ಇದೆ.

ಉರಣದ ಭಟ್ಟಿಗಳು

ನೆರುಳ್ ಅಥವಾ ಬೇಲಾಪುರದಿಂದ ಉರಣ್ ಲೋಕಲ್ ಹತ್ತಿದವರು ಇದ್ದೀರಾ? 2024ರ ಜನವರಿಯಲ್ಲಿ ಆ ಲೈನ್ ಉರಣದ ವರೆಗೆ ತೆರೆಯಿತು. ಕಿಟಕಿಯಿಂದ ಕಾಣೋದು ಕಂಟೈನರ್, ಕಾಂಡ್ಲಾ ಪೊದೆ, ಹೊಸ ಕಟ್ಟಡ. 19ನೇ ಶತಮಾನದಲ್ಲಿ ಈ ಉರಣ್ ಥಾಣೆ ಜಿಲ್ಲೆಯಲ್ಲಿತ್ತು. ಹೆಸರಾಗಿದ್ದು ಎರಡಕ್ಕೆ: ಉಪ್ಪು ಮತ್ತು ಮಹುವಾ ಮದ್ಯ. ಮೋರಾ ಬಂದರಿನ ಹತ್ತಿರ ಪಾರ್ಸಿ ಮಾಲೀಕರ ಡಿಸ್ಟಿಲರಿಗಳು ಸಾಲಾಗಿದ್ದವು. ಒಣಗಿದ ಮಹುವಾ ಹೂವು ಗುಜರಾತಿನ ಕಡೆಯಿಂದ ಬರ್ತಿತ್ತು, ಮದ್ಯ ದೋಣಿಯಲ್ಲಿ ಮುಂಬಯಿಗೆ ಹೋಗ್ತಿತ್ತು.

ಮಹುವಾ ಅಂದರೆ ನಮ್ಮ ಹಿಪ್ಪೆ ಮರ. ಕೆಲವು ಕಡೆ ಇಪ್ಪೆ ಅಂತಾರೆ. ಮರಾಠಿಯಲ್ಲಿ ಮೋಹ. ಬೇಸಿಗೆಯ ಶುರುವಿನಲ್ಲಿ ರಾತ್ರಿಯೆಲ್ಲ ಹೂವು ಉದುರುತ್ತೆ, ಬೆಳಗಿನ ಜಾವ ಹೆಂಗಸರು, ಮಕ್ಕಳು ಆರಿಸ್ತಾರೆ. ಹೂವಿನಲ್ಲಿ ಸಕ್ಕರೆ ತುಂಬಿರುತ್ತೆ. ಒಣಗಿಸಿದರೆ ದ್ರಾಕ್ಷಿಯ ಹಾಗೆ. ಥಾಣೆ ಜಿಲ್ಲೆಯ ವಾರ್ಲಿ, ಠಾಕೂರ್, ಕಾತ್ಕರಿ ಜನಕ್ಕೆ ಅದು ಮಳೆಗಾಲದ ಹಸಿವಿಗೆ ಕೂಡಿಟ್ಟ ಆಹಾರ. ಬೀಜದಿಂದ ಎಣ್ಣೆ. ಹೂವಿನಿಂದ ಮದ್ಯವೂ ಹೌದು. ಮದುವೆಗೆ, ಹಬ್ಬಕ್ಕೆ, ದೇವರಿಗೆ, ಸತ್ತವರಿಗೆ ಬೇಕೇ ಬೇಕು. ಮಡಕೆ, ಬಿದಿರಿನ ಕೊಳವೆ, ಒಲೆ ಇದ್ದರೆ ಮನೆಮನೆಯಲ್ಲೂ ಇಳಿಸಬಹುದಾದ ವಿದ್ಯೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಪೂರ್ತಿ ಓಪನ್ ಸೋರ್ಸ್.

1878ರಲ್ಲಿ ಬಾಂಬೆ ಅಬಕಾರಿ ಕಾಯಿದೆ ಬಂತು. ಮದ್ಯ ತಯಾರಿಕೆ, ಮಾರಾಟ ಎಲ್ಲ ಸರ್ಕಾರದ ಪರವಾನಗಿಯ ಕೆಳಗೆ. ಭಟ್ಟಿ ಇಳಿಸೋದು ಸರ್ಕಾರದ ಕಣ್ಣೆದುರಿನ ದೊಡ್ಡ ಡಿಸ್ಟಿಲರಿಗಳಲ್ಲಿ ಮಾತ್ರ. ಅಂಗಡಿ ಗುತ್ತಿಗೆ ಹಿಡಿದವರಿಗೆ. ಕಳ್ಳು ಇಳಿಸುವ ಮರಕ್ಕೂ ತೆರಿಗೆ. ಉದ್ದೇಶ ಕುಡಿತ ಕಡಿಮೆ ಮಾಡೋದು ಅಂತ ಹೇಳಿದರೂ ಖಜಾನೆಗೆ ಬರುವ ಹಣ ಮಾತ್ರ ಜಾಸ್ತಿ ಆಗ್ತಾ ಹೋಯ್ತು. ನಿನ್ನೆಯ ವರೆಗೆ ತನ್ನ ಒಲೆಯಲ್ಲಿ ಇಳಿಸಿಕೊಂಡವನು ಇವತ್ತು ಗುತ್ತಿಗೆದಾರನ ಅಂಗಡಿಯಲ್ಲಿ ದುಡ್ಡು ಕೊಟ್ಟು, ಇಲ್ಲ ಸಾಲ ಹೇಳಿ ಕುಡಿಯಬೇಕು.

ಜನ ಕೇಳಲಿಲ್ಲ, ಕಾಡಿನಲ್ಲಿ ಇಳಿಸಿದರು. ಒಲೆ ಹಿಡಿಯೋದು ಕಷ್ಟ ಅಂತ ಗೊತ್ತಾದಮೇಲೆ ಸರ್ಕಾರ ಹೂವನ್ನೇ ಹಿಡಿಯಿತು. 1892ರ ಮೌರಾ ಕಾಯಿದೆ. ಇಂಗ್ಲಿಷರು ಮಹುವಾವನ್ನ ಹಾಗೆ ಉಚ್ಚರಿಸ್ತಿದ್ದರು. ಥಾಣೆ ಮತ್ತು ಕೊಲಾಬಾ ಜಿಲ್ಲೆಗಳನ್ನ ಗುರಿಯಿಟ್ಟು ಮಾಡಿದ ಕಾನೂನು. ಕೊಲಾಬಾ ಅಂದರೆ ಈಗಿನ ರಾಯಗಡ. ಮರದಿಂದ ಉದುರಿದ ಹೂವನ್ನ ಕೂಡಿಡೋದಕ್ಕೆ, ಮಾರೋದಕ್ಕೆ ಕಡಿವಾಣ. ಇದು ಬಡವರ ಆಹಾರ ಅನ್ನೋ ಆಕ್ಷೇಪ ಬಂದಿತ್ತು, ಕಾನೂನು ನಿಲ್ಲಲಿಲ್ಲ.

ನಾನು ಕೇಳಿದ ಪ್ರಶ್ನೆಗೆ ಇಲ್ಲಿ ಉತ್ತರ ಸಿಕ್ಕಿತು. ನಾನಿರುವ ಈ ಜಿಲ್ಲೆಯಲ್ಲಿ ಭಟ್ಟಿಯ ಹಿಂದೆ ಕಳ್ಳ ಬಂದು ಸೇರಿದ್ದು 1878ರಿಂದ 1892ರ ನಡುವೆ. ಒಲೆ ಅದೇ, ಹೂವು ಅದೇ. ಕಾಗದ ಹೊಸದು.

ಐದು ರೂಪಾಯಿಯ ಆರೋಗ್ಯ

ಸ್ವಾತಂತ್ರ್ಯ ಬಂದಮೇಲೆ ಕಾಗದ ಇನ್ನೂ ದಪ್ಪ ಆಯ್ತು. ಮುಂಬಯಿಯಲ್ಲಿ ಮದ್ಯನಿಷೇಧದ ಮೊದಲ ಪ್ರಯತ್ನ 1939ರ ಆಗಸ್ಟ್ 1ಕ್ಕೆ, ಕಾಂಗ್ರೆಸ್ ಮಂತ್ರಿಮಂಡಲದ ಕಾಲದಲ್ಲಿ. ಆಮೇಲೆ 1949ರ ಬಾಂಬೆ ಪ್ರೊಹಿಬಿಷನ್ ಆಕ್ಟ್. ಆಗ ಗೃಹಮಂತ್ರಿ ಮೊರಾರ್ಜಿ ದೇಸಾಯಿ. ನೆನಪಿಡಿ, ಆಗ ನಮ್ಮ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯದಲ್ಲೇ ಇದ್ದವು, 1956ರ ವರೆಗೆ. ಅಂದರೆ ಇದು ನಮ್ಮ ಅಜ್ಜಂದಿರ ಕಾನೂನೂ ಹೌದು.

ಎಫ್. ಎನ್. ಬಲ್ಸಾರಾ ಅನ್ನುವ ಮುಂಬಯಿ ನಾಗರಿಕರು ಕೋರ್ಟಿಗೆ ಹೋದರು. ವಿಸ್ಕಿ, ಬ್ರಾಂದಿ, ಬಿಯರ್ ಜೊತೆಗೆ ಯುಡಿ ಕೊಲೋನ್ ಇಟ್ಟುಕೊಳ್ಳುವ ಹಕ್ಕೂ ನನಗಿದೆ ಅಂತ. ಕಾಯಿದೆ ಅಷ್ಟು ಅಗಲವಾಗಿತ್ತು, ಸುಗಂಧದ ನೀರೂ ಅದರಲ್ಲಿ ಬರ್ತಿತ್ತು. 1951ರ ಮೇ 25ರಂದು ಸುಪ್ರೀಂ ಕೋರ್ಟ್ ಔಷಧಿ, ಸುಗಂಧದ್ರವ್ಯದಂಥ ಕೆಲವು ಅಂಶಗಳನ್ನ ತೆಗೆದುಹಾಕಿ ಉಳಿದ ಕಾಯಿದೆಯನ್ನ ಎತ್ತಿಹಿಡಿಯಿತು.

ಕಾನೂನಿನಲ್ಲಿ ಒಂದು ಕಿಂಡಿ ಇತ್ತು: ಪರ್ಮಿಟ್. ಆರೋಗ್ಯ ಕಾಪಾಡಿಕೊಳ್ಳೋಕೆ ಮದ್ಯ ಬೇಕು ಅಂತ ಪರವಾನಗಿ ಪಡೆಯಬಹುದು. 1960ರ ದಶಕದಿಂದ ಮಹಾರಾಷ್ಟ್ರದಲ್ಲಿ ನಿಷೇಧ ಸಡಿಲ ಆಯ್ತು, ಆದರೆ ಕಾಯಿದೆ ಹೋಗಲಿಲ್ಲ. ಪರ್ಮಿಟ್ಟೂ ಹೋಗಲಿಲ್ಲ. ಇವತ್ತಿಗೂ ಮಹಾರಾಷ್ಟ್ರದಲ್ಲಿ ಸ್ವಂತ ಮನೆಯಲ್ಲಿ ಕೂತು ಕುಡಿಯೋಕೂ ಪರ್ಮಿಟ್ ಬೇಕು. ಒಂದು ದಿನದ್ದು 5 ರೂಪಾಯಿ, ದೇಶಿ ದಾರೂಗಾದರೆ 2 ರೂಪಾಯಿ. ವರ್ಷದ್ದು 100, ಜೀವಮಾನದ್ದು 1000 ರೂಪಾಯಿ. ಸ್ಪಿರಿಟ್ ಕುಡಿಯೋಕೆ ವಯಸ್ಸು 25 ತುಂಬಿರಬೇಕು.

ಡೊಂಬಿವಲಿ, ಥಾಣೆಯ ಬೋರ್ಡುಗಳಲ್ಲಿ 'ಪರ್ಮಿಟ್ ರೂಮ್' ಅಂತ ಇರೋದು ಇದಕ್ಕೇ. ಪರ್ಮಿಟ್ ಇದ್ದವರು ಕೂತು ಕುಡಿಯುವ ಕೋಣೆ. ಈ ಮಾತನ್ನ ಮುಂಬಯಿಯ ಬೀದಿಬೀದಿಗೆ ತಂದವರಲ್ಲಿ ದೊಡ್ಡ ಪಾಲು ನಮ್ಮ ಕರಾವಳಿಯವರದು. ಇಡ್ಲಿ ವಡೆಯ ಹೋಟೆಲಿನಲ್ಲಿ ಪ್ಲೇಟ್ ತೊಳೆಯೋಕೆ ಬಂದ ಹುಡುಗರು, ರಾತ್ರಿಶಾಲೆಯಲ್ಲಿ ಓದಿ, ಮುಂದೆ ಹೋಟೆಲ್ ಹಾಕಿ, ನಿಷೇಧ ಸಡಿಲವಾದಮೇಲೆ ಪಕ್ಕದಲ್ಲಿ ಪರ್ಮಿಟ್ ರೂಮ್ ತೆರೆದರು. ಲೈಸೆನ್ಸ್ ಫೀ, ತಪಾಸಣೆ, ಸಮಯದ ನಿಯಮ ಎಲ್ಲ ಹೊತ್ತುಕೊಂಡು. ಕಾಗದ ಹಿಡಿಯೋದು ಎಷ್ಟು ದುಬಾರಿ ಅಂತ ಅವರನ್ನ ಕೇಳಬೇಕು.

ನನ್ನ ವಿಷಯ ಈಗ ಹೇಳಿಬಿಡ್ತೀನಿ. ಒಂಬತ್ತು ವರ್ಷದಿಂದ ಇಲ್ಲಿದ್ದೀನಿ. ಎಷ್ಟೋ ಬಾಟಲಿ ಮನೆಗೆ ತಂದಿದ್ದೀನಿ. ಆ ಶನಿವಾರದ ವರೆಗೆ ನನ್ನ ಹತ್ತಿರ ಪರ್ಮಿಟ್ ಇರಲಿಲ್ಲ. ಗ್ರೂಪಿನಲ್ಲಿ ಕೇಳಿದೆ, ಬರುವ ಐದೂ ಜನರ ಹತ್ತಿರ ಇರಲಿಲ್ಲ. ಒಬ್ಬ ನಗುವ ಇಮೋಜಿ ಹಾಕಿದ. ಕಾನೂನಿನ ಅಕ್ಷರ ಹಿಡಿದರೆ ಮಾವಶಿಯ ತಮ್ಮ ತಪ್ಪು ಮಾಡಿದ್ದಾನೆ, ನಾನೂ ಮಾಡಿದ್ದೀನಿ, ಒಂದೇ ಕಾಯಿದೆಯ ಕೆಳಗೆ. ಕೇಸ್ ಇರೋದು ಅವನ ಮೇಲೆ. ನಮಗೆ ಅದು ನಗುವ ವಿಷಯ.

ಕುಡಿತ ಒಳ್ಳೆಯದು ಅಂತಲ್ಲ

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು, ಇಲ್ಲದಿದ್ದರೆ ಕಾಮೆಂಟಿನಲ್ಲಿ ಬೈತೀರಿ. ಎಲ್ಲರೂ ಮನೆಯಲ್ಲಿ ಭಟ್ಟಿ ಹಾಕಲಿ ಅಂತ ನಾನು ಹೇಳ್ತಿಲ್ಲ. 2015ರ ಜೂನ್‌ನಲ್ಲಿ ಮಾಲವಣಿಯಲ್ಲಿ ವಿಷಮದ್ಯ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಕೂಲಿಯವರು. ಅದು ಹೂವಿನ ಮದ್ಯ ಅಲ್ಲ, ಕಾರ್ಖಾನೆಗೆ ಬಳಸುವ ಮಿಥೆನಾಲ್ ಬೆರೆಸಿದ್ದು. ಕುಡಿತದಿಂದ ಹಾಳಾದ ಮನೆಗಳನ್ನ ನಾವೆಲ್ಲ ಊರಲ್ಲಿ ನೋಡಿದ್ದೀವಿ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧ ಆದಾಗ ಎಷ್ಟೋ ಹೆಂಗಸರು ನಿಟ್ಟುಸಿರು ಬಿಟ್ಟರು.

ಆದರೆ ನಿಷೇಧ ಆಗಿದ್ದು ಸಾರಾಯಿ, ವಿಸ್ಕಿಯಲ್ಲ. ಪಾಕೆಟ್ ಹೋಯ್ತು, ಬಾಟಲಿ ಉಳಿಯಿತು. ಪ್ರತಿ ಸಲ ಕಾನೂನು ಮೊದಲು ಮುಟ್ಟೋದು ಅಗ್ಗದ್ದನ್ನ, ಮನೆಯಲ್ಲಿ ಮಾಡಿದ್ದನ್ನ, ಹೆಸರಿಲ್ಲದ್ದನ್ನ. 1785ರ ಮೆಕ್ಸಿಕೋದಲ್ಲೂ ಹಾಗೆ, 1892ರ ಥಾಣೆಯಲ್ಲೂ ಹಾಗೆ.

ಗಾಳಿ ಸ್ವಲ್ಪ ಬದಲಾಗ್ತಾ ಇದೆ. ಅಗೇವ್ ಮದ್ಯ ಮಾಡಿದ ಅದೇ ನಜರೆತ್ 2018ರಲ್ಲಿ ಮಹುವಾ ಮದ್ಯವನ್ನೂ ಬಾಟಲಿಗೆ ತಂದರು. ಮಧ್ಯಪ್ರದೇಶ ಸರ್ಕಾರ ಮಹುವಾವನ್ನ ಪರಂಪರೆಯ ಮದ್ಯ ಅಂತ ಕರೆದು, ಆದಿವಾಸಿ ಸ್ವಸಹಾಯ ಗುಂಪುಗಳೇ ಮಾಡಿ ಮಾರುವ ದಾರಿ ತೆರೆಯಿತು. ಮಹಾರಾಷ್ಟ್ರ ಸರ್ಕಾರ 2021ರಲ್ಲಿ ಆದಿವಾಸಿಗಳು ಮಹುವಾ ಹೂವು ಆರಿಸಿ, ಇಟ್ಟುಕೊಂಡು, ಸಾಗಿಸೋಕೆ ಇದ್ದ ನಿರ್ಬಂಧ ತೆಗೆಯಿತು. 1892ರಿಂದ ಲೆಕ್ಕ ಹಾಕಿದರೆ 129 ವರ್ಷ. ಹೂವು ಬಿಡುಗಡೆಯಾಯ್ತು. ಒಲೆ ಇನ್ನೂ ಆಗಿಲ್ಲ.

ಆ ಸಂಜೆ

ಪಾರ್ಟಿ ಆಯ್ತಾ ಅಂತ ಕೇಳ್ತೀರಿ. ಆಯ್ತು, ಒಂದು ವಾರ ತಡವಾಗಿ. ಮೊದಲು ಎಲ್ಲರೂ ಪರ್ಮಿಟ್ ಮಾಡಿಸಿಕೊಳ್ಳಿ, ಆಮೇಲೆ ಬನ್ನಿ ಅಂದೆ. ಅಬಕಾರಿ ಇಲಾಖೆಯ ವೆಬ್‌ಸೈಟಿನಲ್ಲೇ ಆಗುತ್ತೆ. ಗೊಣಗಿಕೊಂಡೇ ಮಾಡಿಸಿದರು.

ಮನೆಯಲ್ಲಿ ಮಾಡೋರಿಗೆ ಎರಡು ಮಾತು. ಲೇಬಲ್ ಮೇಲೆ ನೂರು ಪ್ರತಿಶತ ಅಗೇವ್ ಅಂತ ಇರಲಿ. ಇಲ್ಲದಿದ್ದರೆ ಶೇ. 51 ಅಗೇವ್, ಉಳಿದದ್ದು ಬೇರೆ ಸಕ್ಕರೆಯದು ಇರಬಹುದು. ಬಿಳಿಯದು ಅಂದರೆ ಬ್ಲಾಂಕೋ ಮೊದಲು, ಅದರಲ್ಲೇ ಗಿಡದ ರುಚಿ ಸಿಗೋದು. ಆಮೇಲೆ ಎರಡು ತಿಂಗಳಿಂದ ಒಂದು ವರ್ಷ ಓಕ್ ಮರದ ಪೀಪಾಯಿಯಲ್ಲಿಟ್ಟ ರೆಪೊಸಾಡೊ. ಕೊನೆಗೆ ಒಂದರಿಂದ ಮೂರು ವರ್ಷ ಇಟ್ಟ ಅನ್ಯೆಹೊ. ಒಬ್ಬರಿಗೆ ಒಂದೊಂದರಲ್ಲಿ 15 ಮಿಲಿ ಸಾಕು. ಮಧ್ಯೆ ನೀರು. ತಿನ್ನೋಕೆ ಹುರಿದ ಶೇಂಗಾ, ಪೇರಲ, ಖಾರ ಕಡಿಮೆ ಇರುವ ಚಕ್ಕುಲಿ. ಕಲ್ಯಾಣದ ಗೆಳೆಯ ಕುಡಿಯೋದಿಲ್ಲ, ಅವನಿಗೆ ಕೋಕಮ್ ಶರಬತ್. ಯಾರೂ ಗಾಡಿ ತರಲಿಲ್ಲ.

ಟೇಬಲ್ ಮೇಲೆ ಇನ್ನೊಂದು ಇತ್ತು. ಊರಿಗೆ ಹೋಗಿದ್ದ ಮಾವಶಿ ಒಂದು ಪೇಪರ್ ಪೊಟ್ಟಣದಲ್ಲಿ ಒಂದು ಹಿಡಿ ಒಣ ಮಹುವಾ ಹೂವು ತಂದುಕೊಟ್ಟಿದ್ದಳು. ನಾನು ಕೇಳಿದ್ದೆ. ಒಂದು ಬಟ್ಟಲಲ್ಲಿ ಹಾಕಿಟ್ಟೆ. ಬ್ಲಾಂಕೋ ಹೀರಿ ಒಂದು ಹೂವು ಬಾಯಿಗೆ ಹಾಕಿಕೊಂಡ ಖಾರಘರ್‌ನವನು 'ಇದು ಒಣದ್ರಾಕ್ಷಿ ಥರ ಐತಲ್ಲೋ, ಸ್ವಲ್ಪ ಹೊಗಿ ವಾಸನಿ' ಅಂದ. ಆಮೇಲೆ ಎಲ್ಲರೂ ಕೈ ಹಾಕಿದರು, ಬಟ್ಟಲು ಖಾಲಿ ಆಯ್ತು. ಮುನ್ನೂರು ವರ್ಷದ ಕುಶಲಕರ್ಮಿಗಳ ಪರಂಪರೆ ಅಂತ ಟಕೀಲಾ ಬಾಟಲಿಯ ಲೇಬಲ್ ಓದುತ್ತಿದ್ದ ಡೊಂಬಿವಲಿಯವಳು ಓದು ನಿಲ್ಲಿಸಿ ಕೇಳಿದಳು: 'ಇದರದ್ದಕ್ಕೆ ಲೇಬಲ್ ಯಾರು ಬರೀತಾರೆ?' ನಾನು ಮಾವಶಿಯ ತಮ್ಮನ ವಿಷಯ ಹೇಳಿದೆ. ಆ ರಾತ್ರಿ ಮಾತು ಹೆಚ್ಚಾಗಿ ಅದರ ಮೇಲೇ ನಡೆಯಿತು. ನಮ್ಮಲ್ಲಿ ಒಬ್ಬಳ ಅಣ್ಣ ವಕೀಲ. ಮುಂದಿನ ತಾರೀಖಿಗೆ ಕಾಗದಪತ್ರ ನೋಡ್ತೀನಿ ಅಂದಿದ್ದಾನೆ. ಏನಾಗುತ್ತೋ ನೋಡಬೇಕು.

ಸೋಮವಾರ ಮಾವಶಿ ಖಾಲಿ ಬಾಟಲಿ ಎತ್ತಿಡುವಾಗ ಫ್ರಿಜ್ ಮೇಲೆ ಅಂಟಿಸಿದ್ದ ನನ್ನ ಪರ್ಮಿಟ್ ನೋಡಿ ಏನಿದು ಅಂದಳು. ಹೇಳಿದೆ. 'ಕೆವಢ್ಯಾಲಾ?' ಎಷ್ಟಕ್ಕೆ? ಸಾವಿರ ರೂಪಾಯಿ ಅಂದೆ. ಸ್ವಲ್ಪ ಹೊತ್ತು ನೋಡಿದಳು. 'ಅವನಿಗೂ ಒಂದು ಮಾಡಿಸಬಹುದಾ ದಾದಾ?' ಅಂತ ಕೇಳಿದಳು. ಅದು ಕುಡಿಯೋಕೆ ಮಾತ್ರ, ಮಾಡೋಕಲ್ಲ ಅಂತ ಹೇಳಬೇಕಾಯ್ತು.

ನಿಮ್ಮ ಊರಿನ ಭಟ್ಟಿ, ಶೇಂದಿ, ಕತ್ತಾಳಿ, ಹಿಪ್ಪೆ ಮರದ ಬಗ್ಗೆ ಹಿರಿಯರು ಹೇಳಿದ್ದು ನೆನಪಿದ್ದರೆ ಕೆಳಗೆ ಬರೆಯಿರಿ. ಮುಂದಿನ ವಾರ ಉರಣದ ಉಪ್ಪಿನ ಕಥೆ.